ಹನ್ನೊಂದು ತಿಂಗಳ ರಸ್ತೆ ಮಂತ್ರಿ

ಮಂತ್ರಿಗಳು ತೀರಿಕೊಂಡರು ಅಂತ ಅವರ ಮಗ ಫೋನ್ ಮಾಡಿದಾಗ ನಾನು ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು "ಹಾಂ, ಹಾಂ" ಅಂದೆ. ಕೂಸು ನನ್ನ ಮುಖವನ್ನೇ ನೋಡುತ್ತ ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಅದಕ್ಕೇನು ಗೊತ್ತು, ಆರು ತಿಂಗಳು ತುಂಬಿದೆ ಅಷ್ಟೇ.

ಈ ಕೂಸು ಹುಟ್ಟಿದ ಮೇಲೆ ನನ್ನ ಸಂತೋಷಕ್ಕೆ ಅಳತೆ ಇಲ್ಲ. ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರು ಎದುರು ಬಂದರೂ ನಿಲ್ಲಿಸಿ ತೋರಿಸುತ್ತೇನೆ. ಟಪಾಲು ಹಾಕುವ ಹೆಂಗಸಿಗೆ ಎರಡು ಸಲ ತೋರಿಸಿದ್ದಾಯಿತು. "ಅಪ್ಪಾ, ಸಾಕು ಮಾಡಿ, ದೃಷ್ಟಿ ಆಗುತ್ತೆ" ಅಂತ ಮಗಳು ಗದರುತ್ತಾಳೆ. ಇಷ್ಟು ತುಂಬಿಕೊಂಡಿರುವ ಮನುಷ್ಯ ಸತ್ತವರ ವಿಷಯ ಬರೆಯಲು ಕೂರಬಾರದೇನೋ. ಆದರೆ ಹಾಲು ಉಕ್ಕಿದಾಗ ಒಲೆಯ ಬೂದಿಯ ಮೇಲೂ ಒಂದಿಷ್ಟು ಬೀಳುತ್ತದೆ.

ನಾನು ಓದಿದ್ದು ಆರನೇ ಕ್ಲಾಸು. ಮೂವತ್ತೆರಡು ವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಕಾರು ಓಡಿಸಿದವನು. ಅದರಲ್ಲಿ ಇಪ್ಪತ್ತೊಂದು ವರ್ಷ ಮಂತ್ರಿಗಳ ಕಾರು. ಒಂಬತ್ತು ಜನ ಮಂತ್ರಿಗಳ ಮುಖವನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ. ಪಕ್ಕದಲ್ಲಿ ಕೂತು ನೋಡಿದ್ದು ಈಗ ತೀರಿಕೊಂಡ ಇವರೊಬ್ಬರನ್ನೇ. ನೇಪಾಳದವರು. ಹೆಸರು ಬರೆಯುವುದಿಲ್ಲ. ಕೂರಿಸಿಕೊಂಡವರ ಹೆಸರು ಹೊರಗೆ ಹೇಳುವ ಅಭ್ಯಾಸ ನಮ್ಮ ಕೆಲಸದಲ್ಲಿ ಇಲ್ಲ.

ಹೆಂಡತಿ ಹೋದ ಮೇಲೆ, ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಆಗ ಮೊದಲನೇ ಮೊಮ್ಮಗನಿಗೆ ಮೂರು ವರ್ಷ. ಒಂದು ಬೆಳಿಗ್ಗೆ ಅವನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಂಗ್ ಲಾಟಿನ ಪಕ್ಕ ಹೋಗುತ್ತಿದ್ದೆ. ತಲೆಗೆ ಬಣ್ಣದ ನೇಯ್ಗೆಯ ಟೋಪಿ ಹಾಕಿ, ಕರಿ ಕೋಟು ತೊಟ್ಟ ಒಬ್ಬ ವಯಸ್ಸಾದವರು ಒಂದು ಕಾರಿನ ಹಿಂದಿನ ಎಡಬಾಗಿಲ ಹತ್ತಿರ ನಿಂತಿದ್ದರು. ಸುಮ್ಮನೆ ನಿಂತಿದ್ದರು. ಕೈ ಹಿಂದಕ್ಕೆ ಕಟ್ಟಿತ್ತು, ಕಣ್ಣು ದೂರದಲ್ಲಿತ್ತು. ಅವರ ಮಗ ಆಗಲೇ ಒಳಗೆ ಕೂತು ಎಂಜಿನ್ ಹಾಕಿ ಎರಡು ಸಲ ಹಾರ್ನ್ ಒತ್ತಿದ. ಅವರು ಕದಲಲಿಲ್ಲ. ನನಗೆ ಏನಾಯಿತೋ, ಗಾಡಿಯನ್ನು ಬದಿಗೆ ನಿಲ್ಲಿಸಿ ಹೋಗಿ ಬಾಗಿಲು ತೆಗೆದೆ. ತಲೆಗೆ ತಗುಲದ ಹಾಗೆ ಬಾಗಿಲ ಮೇಲಂಚಿಗೆ ಅಂಗೈ ಕೊಟ್ಟೆ. ಅವರು ನನ್ನನ್ನು ನೋಡದೆ ತಲೆ ಒಂದಿಷ್ಟು ಬಗ್ಗಿಸಿ ಹತ್ತಿ ಕೂತರು. ಬಾಗಿಲು ಹಾಕಿದೆ. ಕಾರು ಹೋಯಿತು.

ಮಾರನೆ ದಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಹೋಗಿ ನಮಸ್ಕಾರ ಮಾಡಿ ಹಿಂದಿಯಲ್ಲಿ ಕೇಳಿದೆ: "ಸಾಹೇಬರದ್ದು ಯಾವ ಖಾತೆ ಇತ್ತು?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೆ ಯಾರು ಹೇಳಿದ್ದು?"

"ಯಾರೂ ಇಲ್ಲ. ಬಾಗಿಲ ಹತ್ತಿರ ನಿಂತಿದ್ರಲ್ಲ."

ಬೆಂಚಿನಲ್ಲಿ ಒಂದಿಷ್ಟು ಸರಿದು ಜಾಗ ಕೊಟ್ಟು, "ರಸ್ತೆ" ಅಂದರು. ಆಮೇಲೆ, "ಹನ್ನೊಂದು ತಿಂಗಳು."

ಹಾಗೆ ಪರಿಚಯ. ನಾವಿಬ್ಬರೂ ಆಡುತ್ತಿದ್ದದ್ದು ಹಿಂದಿ. ನನ್ನದು ಶಿವಾಜಿನಗರದ ಗ್ಯಾರೇಜಿನಲ್ಲಿ ಕಲಿತ ಹಿಂದಿ, ಅವರದು ಬನಾರಸಿನ ಕಾಲೇಜಿನ ಹಿಂದಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದುಕೊಂಡು ಬರೆಯುತ್ತಿದ್ದೇನೆ.

ಬಾಗಿಲಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ನಮ್ಮ ಕಡೆ, ಅವರ ಕಡೆ, ಸ್ಟೇರಿಂಗ್ ಬಲಕ್ಕೆ. ಮಂತ್ರಿ ಕೂರುವುದು ಹಿಂದೆ ಎಡಕ್ಕೆ. ಡ್ರೈವರಿಗೆ ಓರೆಯಾಗಿ ಕನ್ನಡಿಯಲ್ಲಿ ಕಾಣುತ್ತಾರೆ, ಇಳಿದರೆ ಕಾಲು ಫುಟ್‌ಪಾತಿನ ಕಡೆಗೆ. ಅಮೆರಿಕದಲ್ಲಿ ಎಲ್ಲ ತಿರುಗುಮುರುಗು. ಹಿಂದಿನ ಎಡ ಸೀಟು ಡ್ರೈವರಿನ ಬೆನ್ನಿಗೆ ಬರುತ್ತದೆ, ಬಾಗಿಲು ತೆಗೆದರೆ ಓಡುವ ಗಾಡಿಗಳ ನಡುವೆ ಇಳಿಯಬೇಕು. ಮಗ ಎಷ್ಟು ಸಲ ಹೇಳಿದ್ದನೋ, "ಬುವಾ, ಮುಂದೆ ಕೂತ್ಕೊಳ್ಳಿ, ನನ್ನನ್ನ ಟ್ಯಾಕ್ಸಿಯವನು ಅಂದ್ಕೋತಾರೆ." ಬುವಾ ಅಂದರೆ ಅವರಲ್ಲಿ ಅಪ್ಪ. ಅಪ್ಪ ಕೇಳಲಿಲ್ಲ. ಒಮ್ಮೆ ದಿನಸಿ ಅಂಗಡಿಯ ಎದುರು ಹಾಗೇ ರಸ್ತೆಗೆ ಇಳಿದಾಗ ಒಂದು ಟ್ರಕ್ಕು ಬ್ರೇಕ್ ಹಾಕಿ ಬಯ್ದುಕೊಂಡು ಹೋಯಿತು. ಮಂತ್ರಿಗಳು ಟ್ರಕ್ಕಿನವನಿಗೆ ಕೈ ಬೀಸಿದರು, ಮೆರವಣಿಗೆಯಲ್ಲಿ ಜನರಿಗೆ ಬೀಸುವ ಹಾಗೆ. ದುರಹಂಕಾರ ಅಂತ ಮಗ ತಿಳಿದುಕೊಂಡಿದ್ದ. ನನಗೆ ಹಾಗೆ ಅನ್ನಿಸಲಿಲ್ಲ. ಎತ್ತು ಮುದಿಯಾದ ಮೇಲೂ ನೊಗದ ಎತ್ತರಕ್ಕೇ ತಲೆ ತಗ್ಗಿಸುತ್ತದೆ.

ಅವರ ಕಥೆಯನ್ನು ಅವರು ಒಟ್ಟಿಗೆ ಯಾವತ್ತೂ ಹೇಳಲಿಲ್ಲ. ಬಿಡಿಬಿಡಿಯಾಗಿ ಬಂದದ್ದನ್ನು ನಾನು ಜೋಡಿಸಿಕೊಂಡೆ. ಬೆಟ್ಟದ ಊರಿನಲ್ಲಿ ಶಾಲೆ ಮೇಷ್ಟ್ರಾಗಿದ್ದವರು. ರಾಜ ಪಕ್ಷಗಳನ್ನೆಲ್ಲ ನಿಷೇಧ ಮಾಡಿದ ಕಾಲದಲ್ಲಿ ಮಕ್ಕಳಿಗೆ ಪಾಠದ ಜೊತೆ ಬೇರೆ ಏನೋ ಹೇಳಿಕೊಟ್ಟರಂತೆ. ಒಟ್ಟು ಒಂಬತ್ತು ವರ್ಷ ಜೈಲು; ನಡುವೆ ಬನಾರಸಿನಲ್ಲಿ ತಲೆ ತಪ್ಪಿಸಿಕೊಂಡಿದ್ದದ್ದು ಬೇರೆ. ಆಮೇಲೆ ಜನ ಎದ್ದರು, ಓಟು ಬಂತು, ಇವರು ಗೆದ್ದರು. ಎರಡನೇ ಸಲವೂ ಗೆದ್ದರು, ಮಂತ್ರಿಯಾದರು. ಮೂರನೇ ಸಲ ಸೋತರು. ಅಷ್ಟರಲ್ಲಿ, ರಾಜನನ್ನು ತೆಗೆಯಬೇಕು ಅಂತ ಕಾಡು ಸೇರಿದವರು ಬಂದೂಕು ಹಿಡಿದಿದ್ದರು. ಊರಿನ ಮನೆಗೆ ಬಾಂಬ್ ಇಟ್ಟರು. ಮನೆಯಲ್ಲಿ ಯಾರೂ ಇರಲಿಲ್ಲ, ಗೋಡೆ ಮಾತ್ರ ಹೋಯಿತು. ಕಡೆಗೆ ಹೊಸ ರಾಜ ಅಧಿಕಾರವನ್ನೆಲ್ಲ ತಾನೇ ತೆಗೆದುಕೊಂಡು ಇವರನ್ನೂ ಮೂರು ತಿಂಗಳು ಮನೆಯಲ್ಲೇ ಕೂಡಿಹಾಕಿದ. ಬಿಟ್ಟ ಮೇಲೆ, ಕಣ್ಣಿನ ಆಪರೇಶನ್ ಅಂತ ಹೇಳಿ ಮಗ ಇಲ್ಲಿಗೆ ಕರೆದುಕೊಂಡು ಬಂದ.

"ರಾಜನೂ ಹೊಡೆದ, ರಾಜನ ವೈರಿಗಳೂ ಹೊಡೆದ್ರು. ನಾನು ಯಾವ ಕಡೆಯವನು ಹೇಳಿ ಭಾಯಿ" ಅಂತ ಒಮ್ಮೆ ಕೇಳಿದರು.

"ರಸ್ತೆ ಕಡೆಯವರು" ಅಂದೆ.

"ಅದೂ ಅರ್ಧ" ಅಂದರು.

ಆ ರಸ್ತೆ ಅವರ ಊರಿನ ಬೆಟ್ಟಕ್ಕೆ ಹತ್ತಬೇಕಾಗಿದ್ದದ್ದು. ಹನ್ನೊಂದು ತಿಂಗಳಲ್ಲಿ ಅರ್ಧ ಬೆಟ್ಟದವರೆಗೆ ಹೋಯಿತು. ಸರ್ಕಾರ ಬಿತ್ತು, ಅಲ್ಲೇ ನಿಂತಿತು. ಬಸ್ಸುಗಳು ಅರ್ಧ ಬೆಟ್ಟದಲ್ಲಿ ತಿರುಗಿಸಿಕೊಳ್ಳುತ್ತವಂತೆ. ಆ ತಿರುವಿಗೆ ಜನ ಇವರ ಹೆಸರಿಟ್ಟಿದ್ದರು. ಹೊಗಳಿಕೆಯೋ ಬೈಗುಳವೋ ತಮಗೂ ಗೊತ್ತಾಗಲಿಲ್ಲ ಅಂತ ಹೇಳಿದರು.

ಬರುವಾಗ ಪೆಟ್ಟಿಗೆಯಲ್ಲಿ ಮಂತ್ರಾಲಯದ ಲೆಟರ್‌ಹೆಡ್ಡಿನ ಒಂದು ಪ್ಯಾಡು ತಂದಿದ್ದರು. "ಮಂತ್ರಿ" ಅನ್ನುವುದರ ಮುಂದೆ "ಮಾಜಿ" ಅಂತ ಪ್ರತಿ ಹಾಳೆಯಲ್ಲೂ ಕೈಯಿಂದ ಸೇರಿಸಿ ಬರೆಯುತ್ತಿದ್ದರು. ಶನಿವಾರ ಭಾನುವಾರ ಅವರ ಊರಿನ ಹುಡುಗರು ಬರುತ್ತಿದ್ದರು. ಯಾರಿಗೋ ಅಲ್ಲಿನ ಆಫೀಸಿನಲ್ಲಿ ಕಾಗದ ನಿಂತಿರುತ್ತಿತ್ತು, ಯಾರಿಗೋ ತಮ್ಮನ ವರ್ಗಾವಣೆ. ಇವರು ಬರೆದುಕೊಡುತ್ತಿದ್ದರು. ಕೆಲಸ ಆಗುತ್ತಿತ್ತೋ ಇಲ್ಲವೋ, ಹುಡುಗರು ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು.

ನನ್ನ ಮೊಮ್ಮಗನಿಗೆ ಪ್ರಿಸ್ಕೂಲಿನಲ್ಲಿ ಸೀಟು ಸಿಗದೆ ಮಗಳು ಒದ್ದಾಡುತ್ತಿದ್ದಳು. ಹೆಸರು ವೇಟಿಂಗ್ ಲಿಸ್ಟಿನಲ್ಲಿತ್ತು. ಮಾತಿಗೆ ಮಾತು ಬಂದು ಮಂತ್ರಿಗಳ ಹತ್ತಿರ ಹೇಳಿದೆ. ತಕ್ಷಣ ಪ್ಯಾಡು ತೆಗೆದರು. ಇಂಗ್ಲಿಷಿನಲ್ಲಿ ಎಂಟು ಸಾಲು ಬರೆದು, ನನಗೆ ಅರ್ಥ ಹೇಳಿದರು. ಹುಡುಗನ ನಡತೆ ಒಳ್ಳೆಯದು, ಮನೆತನ ಗೌರವಸ್ಥರದು, ಈ ವಿಷಯದಲ್ಲಿ ತಾವು ಅನುಕೂಲ ಮಾಡಿಕೊಟ್ಟರೆ ಆಭಾರಿ ಅಂತ. ಹುಡುಗನಿಗೆ ಆಗ ನಾಲ್ಕು ವರ್ಷ, ನಡತೆ ಅಷ್ಟೇನೂ ಒಳ್ಳೆಯದಿರಲಿಲ್ಲ. ಮಗಳಿಗೆ ಹೇಳದೆ ನಾನೇ ನಡೆದುಕೊಂಡು ಹೋಗಿ ಶಾಲೆಯಲ್ಲಿ ಕೊಟ್ಟು ಬಂದೆ. ಅಲ್ಲಿದ್ದ ಹೆಂಗಸು ಎರಡು ಸಲ ಓದಿ, ಎದ್ದು ನಿಂತು ನನ್ನ ಕೈ ಕುಲುಕಿದಳು.

ಒಂದು ವಾರಕ್ಕೆ ಸೀಟು ಬಂತು. ಯಾರೋ ಒಬ್ಬರು ಮನೆ ಬದಲಾಯಿಸಿಕೊಂಡು ರಾಲಿ ಅನ್ನುವ ಊರಿಗೆ ಹೋದರಂತೆ, ಜಾಗ ಖಾಲಿಯಾಯಿತಂತೆ. ಮಗಳು ವಿಷಯ ತಿಳಿದು ತಲೆ ಚಚ್ಚಿಕೊಂಡಳು. "ಅಪ್ಪಾ, ಇಲ್ಲಿ ರೆಕಮೆಂಡೇಶನ್ ಎಲ್ಲ ನಡೆಯಲ್ಲ. ಲಿಸ್ಟ್ ಮೂವ್ ಆಯ್ತು ಅಷ್ಟೇ."

"ಆಗಲಿ ಬಿಡಮ್ಮ" ಅಂದೆ.

ಮಂತ್ರಿಗಳಿಗೆ ಹೇಳಿದಾಗ ಅವರು ತಲೆದೂಗಿ, "ಇನ್ನೂ ಏನಾದ್ರೂ ಇದ್ರೆ ಹೇಳಿ" ಅಂದರು. ಆ ವಾರ ಅವರ ನಡಿಗೆಯೇ ಬೇರೆ ಇತ್ತು.

ಒಮ್ಮೆ ವಾಷಿಂಗ್ಟನ್ನಿಗೆ ಹೋಗಿ ಬಂದೆವು. ಬಸ್ಸು, ಆಮೇಲೆ ಮೆಟ್ರೊ. ಆ ರಸ್ತೆಗೆ ದುಡ್ಡು ಕೇಳಲು ಬಂದಾಗ ಅವರು ಸಾಲದ ಕಾಗದಕ್ಕೆ ಸಹಿ ಹಾಕಿದ ಕಟ್ಟಡವನ್ನು ನನಗೆ ತೋರಿಸಬೇಕಾಗಿತ್ತು. ಆಗ ಕಾರಿಗೆ ಬಾವುಟ ಕಟ್ಟಿತ್ತಂತೆ. ಈಗ ಎದುರಿನ ಕಟ್ಟೆಯ ಮೇಲೆ ಕೂತೆವು. ಮಗಳು ಸುತ್ತಿಕೊಟ್ಟಿದ್ದ ಚಪಾತಿ ತಿಂದೆವು. ಕೊರಳಿಗೆ ಚೀಟಿ ನೇತುಹಾಕಿಕೊಂಡ ಜನ ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮಂತ್ರಿಗಳಿಗೆ ನಿದ್ದೆ ಬಂದಿದೆ. ಬೆನ್ನು ನೆಟ್ಟಗೆ, ಟೋಪಿ ನೆಟ್ಟಗೆ, ಕೈ ಮೊಣಕಾಲ ಮೇಲೆ. ಹೊರಗಿನಿಂದ ನೋಡಿದವರಿಗೆ ಏನೋ ಯೋಚಿಸುತ್ತಿದ್ದಾರೆ ಅನ್ನಿಸಬೇಕು. ನನ್ನ ಕಾರಿನ ಒಂಬತ್ತು ಜನ ಮಂತ್ರಿಗಳೂ ಹೀಗೇ ಮಲಗುತ್ತಿದ್ದರು. ನಾನು ಚಪಾತಿಯ ಕಾಗದ ಮಡಿಚಿಟ್ಟುಕೊಂಡು ಕಾದೆ. ಕಾಯುವುದು ನನಗೇನು ಹೊಸದಲ್ಲ.

ಎದ್ದ ಮೇಲೆ ಹೇಳಿದರು: "ಜೈಲಿನಲ್ಲಿ ಇಷ್ಟು ಸುಸ್ತಾಗಿರಲಿಲ್ಲ ಭಾಯಿ. ಅಲ್ಲಿ ಕಾಯೋದಕ್ಕೆ ಏನೋ ಇತ್ತು."

ಆ ವರ್ಷ ಅವರ ದೇಶದಲ್ಲಿ ಜನ ಮತ್ತೆ ಬೀದಿಗಿಳಿದರು, ರಾಜ ಹಿಂದೆ ಸರಿದ. ಕಾಡಿನವರು ಬಂದೂಕು ಬಿಟ್ಟು ಊರಿಗೆ ಬಂದರು. ಹೊಸ ಸಂವಿಧಾನ ಬರೆಯುವುದಕ್ಕೆ ಚುನಾವಣೆ ಅಂತ ಆಯಿತು. ಮಂತ್ರಿಗಳು ಕರಿ ಕೋಟು ಡ್ರೈಕ್ಲೀನಿಗೆ ಕೊಟ್ಟು, ಸೂಟ್‌ಕೇಸು ಕಟ್ಟಿದರು. ಚುನಾವಣೆ ಮುಂದಕ್ಕೆ ಹೋಯಿತು. ಸೂಟ್‌ಕೇಸು ಬಿಚ್ಚಿದರು. ಆರು ತಿಂಗಳಿಗೆ ಮತ್ತೆ ಕೋಟು ಕೊಟ್ಟರು, ಮತ್ತೆ ಕಟ್ಟಿದರು. ಮತ್ತೆ ಮುಂದಕ್ಕೆ ಹೋಯಿತು. ಎರಡನೇ ಸಲ ಬಿಚ್ಚಲಿಲ್ಲ. ಸೂಟ್‌ಕೇಸು ಬಾಗಿಲ ಹಿಂದೆಯೇ ನಿಂತಿರುತ್ತಿತ್ತು, ಸೊಸೆ ಅದರ ಮೇಲೆ ಒಗೆದ ಬಟ್ಟೆ ಮಡಿಚಿಡುತ್ತಿದ್ದಳು.

ಮಗನಿಗೆ ಅವರು ಹೋಗುವುದು ಬೇಕಾಗಿರಲಿಲ್ಲ. ಅವನು ಪೆಟ್ರೋಲ್ ಬಂಕಿನ ಅಂಗಡಿಯೊಂದರಲ್ಲಿ ಮ್ಯಾನೇಜರು. ಇಲ್ಲಿ ಅದಕ್ಕೆ ಗ್ಯಾಸ್ ಸ್ಟೇಷನ್ ಅನ್ನುತ್ತಾರೆ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬರುವವನು, ಅಪ್ಪನಿಗೆ ಆಶ್ರಯ ಕೊಡಿ ಅಂತ ಇಲ್ಲಿನ ಸರ್ಕಾರಕ್ಕೆ ಅರ್ಜಿ ಹಾಕಿಸಿದ್ದ. ಆ ಕೇಸು ನಡೆಯುತ್ತಿತ್ತು. ಅದು ತೀರ್ಮಾನ ಆಗುವ ಮೊದಲೇ ದೇಶ ಬಿಟ್ಟು ಹೋದರೆ ಕೇಸು ಮುಗಿಯಿತು, ಮತ್ತೆ ಬರುವ ಹಾಗಿಲ್ಲ. ಎಪ್ಪತ್ತೆರಡು ವರ್ಷದವರು, ಎದೆಯಲ್ಲಿ ಎರಡು ಸ್ಟೆಂಟು. ಹೋದರೆ ಹೋದ ಹಾಗೆ ಅಂತ ಅವನಿಗೂ ಗೊತ್ತು, ಅವರಿಗೂ ಗೊತ್ತು.

ಆದರೂ ಪಕ್ಷ ಟಿಕೆಟ್ ಕೊಟ್ಟರೆ ಹೋಗುತ್ತೇನೆ ಅಂತ ಅವರು ಹೇಳಿದ್ದರು. ಟಿಕೆಟ್ ಬಂದರೆ ತಡೆಯುವುದಿಲ್ಲ ಅಂತ ಮಗನೂ ಒಪ್ಪಿದ್ದ. ಅಪ್ಪ ಮಕ್ಕಳ ನಡುವೆ ಅಷ್ಟು ಒಪ್ಪಂದ.

ಮೂರನೇ ಸಲ ಚುನಾವಣೆಯ ದಿನ ಗಟ್ಟಿಯಾಯಿತು. ಈ ಕೂಸು ಇನ್ನೂ ಮಗಳ ಹೊಟ್ಟೆಯಲ್ಲಿತ್ತು. ಒಳ್ಳೇ ಚಳಿ. ಪಕ್ಷದವರ ಹತ್ತಿರ ಇದ್ದದ್ದು ಮನೆ ಫೋನಿನ ನಂಬರು. ಹಾಗಾಗಿ ಮಂತ್ರಿಗಳು ತಂತಿಯಿಲ್ಲದ ಆ ಮನೆ ಫೋನನ್ನೇ ಕೋಟಿನ ಜೇಬಿಗೆ ಹಾಕಿಕೊಂಡು ಕೆಳಗೆ ಬರುತ್ತಿದ್ದರು. ಅದು ಬೆಂಚಿನ ತನಕ ಹಿಡಿಯುತ್ತಿತ್ತು. ಕಸದ ಡಬ್ಬಿ ದಾಟಿದರೆ ಕುಂಯ್ ಅನ್ನುತ್ತಿತ್ತು. ಮೊದಲು ನಾವು ಲೈಬ್ರರಿ ತನಕ ನಡೆಯುತ್ತಿದ್ದವರು. ಈಗ ಬೆಂಚಿನಿಂದ ಕಸದ ಡಬ್ಬಿಗೆ, ಕಸದ ಡಬ್ಬಿಯಿಂದ ಬೆಂಚಿಗೆ.

ನಾಲ್ಕೈದು ದಿನ ಹೀಗೆ ಕಳೆದಿರಬೇಕು. ಒಂದು ಮಧ್ಯಾಹ್ನ ಮಗ ದಿನಸಿ ಅಂಗಡಿಗೆ ಹೋಗುವವನು ನನ್ನನ್ನೂ ಕೂರಿಸಿಕೊಂಡ. ದಾರಿಯಲ್ಲಿ ಹೇಳಿದ: "ಅಂಕಲ್, ಟಿಕೆಟ್ ಬೇರೆಯವರಿಗೆ ಆಯ್ತು. ಪಕ್ಷದ ಒಬ್ಬರು ನನ್ನ ಸೆಲ್‌ಗೆ ಫೋನ್ ಮಾಡಿದ್ರು. ಬುವಾಗೆ ಹೇಳಬೇಡಿ."

"ಯಾರಿಗೆ ಆಯ್ತು?"

"ಬುವಾ ಮಿನಿಸ್ಟರ್ ಆಗಿದ್ದಾಗ ಪ್ರೈವೇಟ್ ಸೆಕ್ರೆಟರಿ ಆಗಿದ್ದನಲ್ಲ, ಅವನಿಗೆ. ಬುವಾ ಬ್ಯಾಗ್ ಹಿಡ್ಕೊಂಡು ಓಡಾಡ್ತಿದ್ದೋನು."

"ನೀನೇ ಹೇಳಪ್ಪ ಮತ್ತೆ."

"ಹೇಳಿದ್ರೆ ಇಂಡಿಪೆಂಡೆಂಟ್ ನಿಲ್ತೀನಿ ಅಂತ ಹೊರಟುಬಿಡ್ತಾರೆ. ಸುಮ್ನೆ ಕಾಯ್ಲಿ. ಡೇಟ್ ಕಳೆದುಹೋಗುತ್ತೆ, ತಾವೇ ಅರ್ಥ ಮಾಡ್ಕೋತಾರೆ. ಪ್ಲೀಸ್ ಅಂಕಲ್."

ಆಯಿತು ಅಂದೆ. ಅದು ನನಗೆ ಕಷ್ಟದ ಮಾತಲ್ಲ. ಹಿಂದಿನ ಸೀಟಿನಲ್ಲಿ ಆಡಿದ ಮಾತು ಮುಂದಿನ ಸೀಟಿನಲ್ಲೇ ಸಾಯಬೇಕು, ಅದು ನಮ್ಮ ಕೆಲಸದ ಮೊದಲ ಪಾಠ. ಮೂವತ್ತೆರಡು ವರ್ಷ ಹಾಗೇ ಇದ್ದೆ. ಹೆಂಡತಿಗೂ ಏನೂ ಹೇಳಿದವನಲ್ಲ.

ಅವರು ಮಾರನೆ ದಿನವೂ ಕೆಳಗೆ ಬಂದರು. ಅದರ ಮಾರನೆ ದಿನವೂ. ಫೋನು ಜೇಬಿನಲ್ಲಿ ಉಬ್ಬಿಕೊಂಡಿರುತ್ತಿತ್ತು. ಮಾತಾಡುತ್ತಿದ್ದವರು ನಡುವೆ ನಿಲ್ಲಿಸಿ, ಅದನ್ನು ತೆಗೆದು, ಹಸಿರು ದೀಪ ಇದೆಯೋ ಇಲ್ಲವೋ ನೋಡಿ ಮತ್ತೆ ಒಳಗಿಡುತ್ತಿದ್ದರು. ಆ ದೀಪದ ಕಡೆ ನೋಡಲು ನನಗೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ಇತ್ತು. ಬೆಂಗಳೂರಿನಲ್ಲಿ ಒಬ್ಬ ಸಾಹೇಬರನ್ನು ಸಂಪುಟದಿಂದ ಬಿಡುತ್ತಾರೆ ಅಂತ ನನಗೆ ಮೊದಲೇ ಗೊತ್ತಾಗಿತ್ತು. ಕಾರು ಸಂಜೆ ಆರಕ್ಕೆ ವಾಪಸ್ ತಂದು ಬಿಡು ಅಂತ ಬೆಳಿಗ್ಗೆಯೇ ಆಫೀಸಿನವರು ಹೇಳಿದ್ದರು. ಸರ್ಕಾರ ಬೀಳುವುದು ಯಾವಾಗಲೂ ಮಂತ್ರಿಗಿಂತ ಮೊದಲು ಡ್ರೈವರಿಗೆ ತಿಳಿಯುತ್ತದೆ. ಆ ದಿನವಿಡೀ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ, "ನಂದು ಗ್ಯಾರಂಟಿ ಕಣಯ್ಯ, ಖಾತೆ ಸ್ವಲ್ಪ ಆಚೆ ಈಚೆ ಆಗಬಹುದು" ಅನ್ನುತ್ತಿದ್ದರು. ದಾರಿಯಲ್ಲಿ ನಿಲ್ಲಿಸಿ, ಹಂಚುವುದಕ್ಕೆ ಅಂತ ಮೈಸೂರುಪಾಕು ಕಟ್ಟಿಸಿಕೊಂಡರು. ನಾನೇ ಡಿಕ್ಕಿಯಲ್ಲಿ ಇಟ್ಟೆ. ಆರಕ್ಕೆ ಅವರನ್ನು ಮನೆ ಬಾಗಿಲಲ್ಲಿ ಇಳಿಸಿ, ಆ ಡಬ್ಬಿಗಳನ್ನು ಜಗಲಿಯ ಮೇಲೆ ಜೋಡಿಸಿ, ಕಾರು ತೆಗೆದುಕೊಂಡು ಹೋದೆ. ಆ ಜಗಲಿ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ. ಹಿಮ ಸಣ್ಣಗೆ ಬೀಳುತ್ತಿತ್ತು. ಬೆಂಚು ಒರೆಸಿ ಕೂತಿದ್ದೆವು. ಅವರು ಮತ್ತೆ ಫೋನು ತೆಗೆದು ದೀಪ ನೋಡಿದರು.

"ಸಾಹೇಬ್ರೆ, ಅದು ಬರಲ್ಲ" ಅಂದೆ.

"ಬ್ಯಾಟರಿ ಇದೆಯಲ್ಲ."

"ಬ್ಯಾಟರಿ ಅಲ್ಲ. ಟಿಕೆಟ್ ಕೊಟ್ಟಾಗಿದೆ. ಒಂದು ವಾರ ಆಯ್ತು."

ಅವರು ನನ್ನ ಕಡೆ ತಿರುಗಲಿಲ್ಲ. ಎದುರಿನ ಕಾರುಗಳ ಮೇಲೆ ಹಿಮ ಕೂರುವುದನ್ನು ನೋಡುತ್ತಿದ್ದರು. "ಯಾರಿಗೆ?" ಅಂದರು. ಹೇಳಿದೆ.

"ಅವನಿಗೆ ಮಂಡಿ ನೋವು" ಅಂದರು. "ಬೆಟ್ಟ ಹತ್ತಕ್ಕಾಗಲ್ಲ ಅವನಿಗೆ. ಮೇಲಿನ ಹಳ್ಳಿಗಳಿಗೆ ಯಾರು ಹೋಗ್ತಾರೆ?"

ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ನಿಮಗೆ ಮಗ ಹೇಳಿದ್ದ."

ನಾನು ಬೆಂಚಿನ ಮೇಲೆ ಕೂತ ಹಿಮ ಒರೆಸತೊಡಗಿದೆ.

"ಸರಿ, ಹೇಳಬೇಡಿ" ಅಂದು ಎದ್ದರು. "ಇದನ್ನ ಮೇಲಿಟ್ಟು ಬರ್ತೀನಿ. ಬಹಳ ದಿನ ಆಯ್ತು, ಸ್ವಲ್ಪ ದೂರ ನಡೆಯೋಣ."

ಫೋನನ್ನು ಮನೆಯಲ್ಲಿಟ್ಟು ಬಂದರು. ಅವತ್ತು ಲೈಬ್ರರಿ ದಾಟಿ, ಹಳ್ಳದ ಪಕ್ಕದ ಕಾಲುದಾರಿಯಲ್ಲಿ ಹೋದೆವು. ಬೆಟ್ಟದವರು, ಹಿಮದಲ್ಲಿ ನನಗಿಂತ ಚೆನ್ನಾಗಿ ನಡೆಯುತ್ತಿದ್ದರು. ಹಳ್ಳದ ಹತ್ತಿರ ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದರು:

"ಆದ್ರೂ ಹೋಗ್ತೀನಿ ಭಾಯಿ."

"ಇಂಡಿಪೆಂಡೆಂಟ್ ನಿಲ್ತೀರಾ?"

"ಇಲ್ಲಪ್ಪ. ಸಾಕು. ನಮ್ಮಲ್ಲಿ ಓಟು ಬಂದ ಮೇಲೆ ಮೂರು ಸಲ ಓಟು ಹಾಕಿದೀನಿ. ಮೂರು ಸಲವೂ ನನಗೇ ಹಾಕ್ಕೊಂಡಿದ್ದು. ಜೈಲಿಗೆ ಹೋಗಿದ್ದು ಅದಕ್ಕಲ್ಲ. ಒಂದು ಸಲ ಎಲ್ಲರ ಹಾಗೆ ಲೈನಿನಲ್ಲಿ ನಿಂತು, ಬೇರೆಯವರಿಗೆ ಹಾಕಿ ನೋಡಬೇಕು."

"ಒಂದು ಓಟಿಗೋಸ್ಕರ ಮಗನನ್ನ ಬಿಟ್ಟು ಹೋಗ್ತೀರಾ?"

ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. "ನಾನು ಇಲ್ಲಿದ್ರೆ ಅವನು ದಿನಾ ನನ್ನನ್ನ ಎಲ್ಲಿ ಇಡಬೇಕು ಅಂತ ಯೋಚನೆ ಮಾಡ್ತಾನೆ. ಹೆಂಗಸರು ಹಳೇ ಕಂಬಳಿ ಇಟ್ಟುಕೊಂಡು ಯೋಚನೆ ಮಾಡ್ತಾರಲ್ಲ, ಹಾಗೆ. ಅವನೂ ಸುಸ್ತಾಗಿದ್ದಾನೆ" ಅಂದರು. ವಾಪಸ್ ಬರುವಾಗ ಇನ್ನೊಂದು ಮಾತು: "ನೀವು ಹೇಳಿದ್ರಿ ಅಂತ ಅವನಿಗೆ ಗೊತ್ತಾಗಬಾರದು. ನಿಮ್ಮ ಮೇಲೆ ಬೇಜಾರು ಮಾಡ್ಕೋತಾನೆ. ಪಕ್ಷದಿಂದ ಫೋನ್ ಬಂತು, ಟಿಕೆಟ್ ಆಯ್ತು ಅಂತ ಹೇಳ್ತೀನಿ. ಅಷ್ಟೊಂದು ಸುಳ್ಳು ಹೇಳಿದೀನಿ, ಇದೊಂದು."

ಹಾಗೇ ಹೇಳಿದರು. ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣಕ್ಕೆ ಹೋದಾಗ ನಾನೂ ಇದ್ದೆ. ಸೊಸೆ ಹಣೆಗೆ ಕೆಂಪು ಅಕ್ಷತೆ ಹಚ್ಚಿದಳು, ಕೊರಳಿಗೆ ಹಾರ ಹಾಕಿದಳು. ಊರಿನ ಹುಡುಗರು ಹತ್ತಾರು ಜನ ಬಂದಿದ್ದರು, "ಗೆದ್ದು ಬನ್ನಿ" ಅಂದರು. ಮಂತ್ರಿಗಳು ಎಲ್ಲರಿಗೂ ಕೈ ಮುಗಿದರು. ಮಗ ಸೂಟ್‌ಕೇಸು ಎತ್ತಿ ಬೆಲ್ಟಿನ ಮೇಲಿಟ್ಟ, ಅಪ್ಪನ ಕಾಲು ಮುಟ್ಟಿದ. ಅವನ ಮುಖವನ್ನು ನಾನು ನೋಡಲಾರದೆ ವಿಮಾನಗಳ ಬೋರ್ಡು ನೋಡುತ್ತ ನಿಂತೆ; ಇಂಗ್ಲಿಷ್ ಓದಲು ಬಾರದಿದ್ದರೂ ನೋಡುತ್ತ ನಿಂತೆ. ಪಕ್ಷದ ಟಿಕೆಟ್ ಇಲ್ಲ ಅಂತ ಅವನಿಗೆ ಗೊತ್ತು. ಹೇಳಿದರೆ, ತಾನು ಮುಚ್ಚಿಟ್ಟಿದ್ದನ್ನೂ ಹೇಳಬೇಕು. ಹೇಳಲಿಲ್ಲ. ಅವತ್ತಿನಿಂದ, ಸಾವಿನ ಸುದ್ದಿಯ ಆ ಫೋನ್ ಬರುವ ತನಕ, ನನ್ನ ಜೊತೆ ಮಾತಾಡಲಿಲ್ಲ. ಕಾರಿನಲ್ಲಿ ಹೋಗುವಾಗ ಕಂಡರೆ ತಲೆ ಆಡಿಸುತ್ತಿದ್ದ, ಅಷ್ಟೇ.

ಓಟಿನ ದಿನ ಕಳೆದು ಒಂದು ವಾರಕ್ಕೆ ಮಂತ್ರಿಗಳು ನನಗೆ ಫೋನ್ ಮಾಡಿದರು. ಅಷ್ಟರಲ್ಲಿ ಈ ಕೂಸು ಹುಟ್ಟಿತ್ತು. ನಾನು ಅದರ ತೂಕ, ಕೂದಲು, ಕಿವಿ ಎಲ್ಲ ಹೇಳಿ ಮುಗಿಸುವ ತನಕ ಅವರು ಕೇಳಿಸಿಕೊಂಡರು. ಆಮೇಲೆ ತಮ್ಮದು ಹೇಳಿದರು. ಸೆಕ್ರೆಟರಿ ಸೋತಿದ್ದ, ಕಾಡಿನಿಂದ ಬಂದವರು ಗೆದ್ದಿದ್ದರು. ಇವರು ಬೆಳಿಗ್ಗೆ ಐದಕ್ಕೆ ಹೋಗಿ ಲೈನಿನಲ್ಲಿ ನಿಂತರಂತೆ. ಮುಂದೆ ಒಬ್ಬ ಹೆಂಗಸು ಕೂಸು ಕಟ್ಟಿಕೊಂಡಿದ್ದಳಂತೆ, ಹಿಂದೆ ಒಬ್ಬ ಮುದುಕ ಇವರ ಕಾಲು ತುಳಿಯುತ್ತಿದ್ದನಂತೆ. ನಾಲ್ಕು ಗಂಟೆ. ಮುಂದೆ ಬನ್ನಿ ಅಂತ ಯಾರೂ ಕರೆಯಲಿಲ್ಲ. "ಕಾಲು ಬಹಳ ನೋಯ್ತು ಭಾಯಿ. ಬಂದು ಸಂಜೆ ತನಕ ಮಲಗಿದೆ. ಅಂಗಾತ ಮಲಗಿದೆ" ಅಂದರು.

ಈ ಶರತ್ಕಾಲದಲ್ಲಿ ಹೋದರು. ಗೋಡೆ ಮತ್ತೆ ಕಟ್ಟಿಸಿಕೊಂಡ ಬೆಟ್ಟದ ಮನೆಯಲ್ಲೇ. ಮಗನಿಗೆ ವಿಮಾನ ಹಿಡಿದು ಹೋಗಿ ಸೇರುವಷ್ಟು ಹೊತ್ತಿರಲಿಲ್ಲ. ಮಂತ್ರಿಗಳ ಅಣ್ಣನ ಮಗ ಬೆಂಕಿ ಕೊಟ್ಟ. ಇವನು ಇಲ್ಲಿಯೇ ತಲೆ ಬೋಳಿಸಿಕೊಂಡು, ಬಿಳಿ ಬಟ್ಟೆ ಉಟ್ಟು, ಉಪ್ಪಿಲ್ಲದ ಅನ್ನ ಒಂದು ಹೊತ್ತು ಉಂಡು, ಯಾರನ್ನೂ ಮುಟ್ಟದೆ ಹದಿಮೂರು ದಿನ ಕೂತ. ಹದಿನಾಲ್ಕನೇ ದಿನ ನಮ್ಮ ಮನೆಗೆ ಬಂದ. ಬೋಳುತಲೆ, ಬಿಳಿ ಟೋಪಿ. ಮಗಳು ಟೀ ತಂದಿಟ್ಟಳು.

"ನೀವೇ ಹೇಳಿದ್ದು ಅಂತ ನನಗೆ ಗೊತ್ತಿತ್ತು ಅಂಕಲ್" ಅಂದ.

"ಹೌದಪ್ಪ."

"ಟಿಕೆಟ್ ಬಂತು ಅಂತ ಬುವಾ ಅಂದ್ರಲ್ಲ, ಅವತ್ತು ನಾನು ಹೋಗಿ ನಮ್ಮೂರಿನ ಹುಡುಗರಿಗೆಲ್ಲ ಸ್ವೀಟ್ ತಂದುಕೊಟ್ಟೆ. ಸುಳ್ಳು ಅಂತ ಗೊತ್ತಿದ್ದೂ. ನಾನು ಮುಚ್ಚಿಟ್ಟಿದ್ದಕ್ಕೆ ಅವರಿಗೆ ಸಿಟ್ಟಿತ್ತಾ?"

"ಇರಲಿಲ್ಲ. ನೀನು ಸುಸ್ತಾಗಿದ್ದೀಯ ಅಂದರು."

ಅವನು ಟೀ ಲೋಟ ಕೆಳಗಿಟ್ಟ. ಒಳಗೆ ಕೂಸು ಎದ್ದು ಸದ್ದು ಮಾಡಿತು. ಎತ್ತಿಕೊಂಡು ಬಂದೆ. ಯಾರು ಬಂದರೂ ತೋರಿಸುವವನು, ಅವನಿಗೆ ಹೇಗೆ ತೋರಿಸುವುದು ಅಂತ ಹಿಂದೆ ಮುಂದೆ ನೋಡಿದೆ. ಅವನೇ ಕೈ ಚಾಚಿದ. ಹದಿಮೂರು ದಿನ ಯಾರನ್ನೂ ಮುಟ್ಟದಿದ್ದ ಕೈಗೆ ಕೂಸನ್ನು ಕೊಟ್ಟೆ.

"ಟಿಕೆಟ್ ಇಲ್ಲ ಅಂತ ಗೊತ್ತಿದ್ದೂ ಯಾಕೆ ಹೋದ್ರು ಅಂಕಲ್?"

ಹಳ್ಳದ ಹತ್ತಿರ ಆಡಿದ ಮಾತನ್ನು ಹೇಳಿದೆ. ಓಟು, ಲೈನು, ಮುಂದಿದ್ದ ಹೆಂಗಸು, ಹಿಂದಿದ್ದ ಮುದುಕ, ಎಲ್ಲ. ಒಂದೂ ಬಿಡದೆ. ಅವನು ಕೂಸಿನ ತಲೆಯ ಮೇಲೆ ಗಲ್ಲ ಊರಿಕೊಂಡು ಕೇಳಿಸಿಕೊಂಡ.

"ಯಾರಿಗೆ ಹಾಕಿದ್ರಂತೆ?"

"ನಾನೂ ಕೇಳಿದೆ" ಅಂದೆ. "ಹೇಳಲಿಲ್ಲ."